ಲೆಕ್ಕ ಕೇಳಿ: ಇಪ್ಪತ್ತನಾಲ್ಕಲ್ಲ, ಇಪ್ಪತ್ತಾರು

ಕಳೆದ ತಿಂಗಳು ಇದೇ ಅಂಕಣದಲ್ಲಿ ಒಂದು ಲೆಕ್ಕ ಕೊಟ್ಟಿದ್ದೆ. ಒಂದು ಊರಿನ ಅಂಚೆ ಕಚೇರಿಯಲ್ಲಿ ಮೂರೇ ಮೂರು ಬೆಲೆಯ ಸ್ಟಾಂಪು ಸಿಗುತ್ತವೆ. ಲಕೋಟೆಯ ಮೇಲೆ ನಾಲ್ಕಕ್ಕಿಂತ ಹೆಚ್ಚು ಅಂಟಿಸುವಂತಿಲ್ಲ, ಒಂದೇ ಬೆಲೆಯದನ್ನು ಮತ್ತೆ ಮತ್ತೆ ಅಂಟಿಸಲು ಅಡ್ಡಿಯಿಲ್ಲ. 1 ರೂಪಾಯಿಯಿಂದ ಹಿಡಿದು ನಡುವೆ ಒಂದೂ ಬಿಡದಂತೆ ಎಲ್ಲಿಯವರೆಗಿನ ದರ ಕೂಡಿಸಬಹುದು? ಅದಕ್ಕೆ ಯಾವ ಮೂರು ಬೆಲೆ ಇಡಬೇಕು? ಉತ್ತರವನ್ನೂ ನಾನೇ ಬರೆದಿದ್ದೆ: 1, 5, 6 ಇಟ್ಟರೆ 24ರವರೆಗೆ. ಅಷ್ಟಕ್ಕೇ ಸುಮ್ಮನಿರದೆ "ಇದಕ್ಕಿಂತ ಮುಂದೆ ಹೋಗಲಾಗದು" ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದ ಕಾಗದಗಳಲ್ಲೇ ಈ ತಿಂಗಳ ಅಂಕಣ ತುಂಬಿಹೋಯಿತು.

ಮೇಡಂ, 1, 5, 8 ಇಟ್ಟರೆ 26ರವರೆಗೂ ಬರುತ್ತಿದೆ. ಎರಡು ಸಲ ನೋಡಿದೆ. ನಾನು ಎಲ್ಲಿ ತಪ್ಪಿದ್ದೇನೆ ತಿಳಿಸುತ್ತೀರಾ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ

ತಪ್ಪಿದ್ದು ನೀನಲ್ಲ ಮಗಳೇ, ನಾನು. ನಿನ್ನ ಕಾಗದ ಬಂದ ಸಂಜೆಯೇ ಕಾಫಿ ಲೋಟ ಪಕ್ಕಕ್ಕಿಟ್ಟು ಬರೆದು ನೋಡಿದೆ. 10ಕ್ಕೆ 5+5. 19ಕ್ಕೆ 8+5+5+1. 20ಕ್ಕೆ ನಾಲ್ಕು ಐದು. 23ರಲ್ಲಿ ನೀನು ಸಿಕ್ಕಿಬೀಳುತ್ತೀಯ ಅಂದುಕೊಂಡೆ, ಅಲ್ಲೂ 8+5+5+5 ಕೂತಿತು. 25ಕ್ಕೆ ಮೂರು ಎಂಟು, ಮೇಲೊಂದು ಒಂದು. 26ಕ್ಕೆ 8+8+5+5. 27 ಮಾತ್ರ ಏನು ಮಾಡಿದರೂ ಬರಲಿಲ್ಲ. ಹಾಗಾಗಿ ಸರಿಯಾದ ಉತ್ತರ 26.

ನಾನು ಜಾರಿದ್ದು ಎಲ್ಲಿ ಅಂತ ಹೇಳದಿದ್ದರೆ ಈ ತಿದ್ದುಪಡಿ ಪೂರ್ತಿಯಾಗದು. ಒಂದೇ ಸ್ಟಾಂಪು ಅಂಟಿಸಬಹುದಾದರೆ 1, 2, 3 ಇಟ್ಟು 3ರವರೆಗೆ ಹೋಗಬಹುದು. ಎರಡು ಅಂಟಿಸಬಹುದಾದರೆ 1, 3, 4 ಇಟ್ಟು 8ರವರೆಗೆ. ಮೂರಾದರೆ 1, 4, 5 ಇಟ್ಟು 15ರವರೆಗೆ. 3, 8, 15 ಎಂಬುದನ್ನು ನೋಡಿದ ಕೂಡಲೇ ಕಣ್ಣಿಗೆ ಬೀಳುವುದೇನು? 4ರಲ್ಲಿ ಒಂದು ಕಡಿಮೆ, 9ರಲ್ಲಿ ಒಂದು ಕಡಿಮೆ, 16ರಲ್ಲಿ ಒಂದು ಕಡಿಮೆ. ಸ್ಟಾಂಪುಗಳೂ ಅದೇ ಅಚ್ಚಿನವು. ಆದ್ದರಿಂದ ನಾಲ್ಕಕ್ಕೆ 1, 5, 6, ಉತ್ತರ 25ರಲ್ಲಿ ಒಂದು ಕಡಿಮೆ. ಪೆನ್ನು ನಿಲ್ಲಲೇ ಇಲ್ಲ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ "ಮೂರು ಉದಾಹರಣೆ ಸರಿಬಂದರೆ ಅದು ಸೂತ್ರವಲ್ಲ ಕಣ್ರೋ" ಅಂತ ಬೋರ್ಡಿಗೆ ಬಡಿದು ಹೇಳಿದವಳು ನಾನು!

ಇನ್ನೊಂದು ಚೋದ್ಯ ಕೇಳು. ನಾಲ್ಕರ ಬದಲು ಐದು ಸ್ಟಾಂಪಿನ ಲೆಕ್ಕ ಕೊಟ್ಟಿದ್ದರೆ ನನ್ನ ತಪ್ಪು ಯಾರಿಗೂ ಸಿಗುತ್ತಿರಲಿಲ್ಲ. ಐದಕ್ಕೆ 1, 6, 7 ಇಟ್ಟು 35, ಅಂದರೆ 36ರಲ್ಲಿ ಒಂದು ಕಡಿಮೆ. ನಿಜವಾಗಿಯೂ ಅದೇ ಗರಿಷ್ಠ. ಆರಕ್ಕೆ ಮತ್ತೆ ಕೈಕೊಡುತ್ತದೆ: ನನ್ನ ಅಚ್ಚಿನ ಪ್ರಕಾರ 48 ಆಗಬೇಕು, ಆದರೆ 1, 7, 12 ಇಟ್ಟವರು 52 ಮುಟ್ಟುತ್ತಾರೆ.

ಮುಂದಿನ ಭಾನುವಾರ ಪ್ರಾಯಶ್ಚಿತ್ತಕ್ಕೆ ಕೂತೆ. ಮೂರು ಬೆಲೆಗಳ ಎಲ್ಲ ಪಟ್ಟಿಗಳನ್ನೂ ಒಂದೊಂದಾಗಿ ನೋಡಿಯೇಬಿಡೋಣ ಅಂತ. ಹೆದರುವಷ್ಟು ಇರಲಿಲ್ಲ. ಮೊದಲ ಬೆಲೆ 1 ಇರಲೇಬೇಕು, ಇಲ್ಲದಿದ್ದರೆ 1 ರೂಪಾಯಿಯೇ ಹುಟ್ಟದು. ಎರಡನೆಯದು 2ರಿಂದ 5ರ ಒಳಗೆ ಇರಬೇಕು. ಬರೀ ಒಂದರ ಸ್ಟಾಂಪುಗಳಿಂದ 4ರವರೆಗೆ ಹೋಗಬಹುದು, ಎರಡನೆಯದು 6 ಆದರೆ 5 ಎನ್ನುವುದು ತೂತಾಗಿ ಉಳಿಯುತ್ತದೆ. ಮೂರನೆಯದಕ್ಕೂ ಇದೇ ನಿಯಮ: ಮೊದಲೆರಡು ಎಲ್ಲಿಯವರೆಗೆ ಎಟುಕುತ್ತವೋ ಅದಕ್ಕಿಂತ ಒಂದು ಹೆಚ್ಚು, ಅಷ್ಟೇ ಮಿತಿ. 1, 2 ಇದ್ದರೆ ಮೂರನೆಯದಕ್ಕೆ 7 ಆಯ್ಕೆ, 1, 3 ಇದ್ದರೆ 8, 1, 4 ಇದ್ದರೆ 7, 1, 5 ಇದ್ದರೆ 4. ಒಟ್ಟು 26 ಪಟ್ಟಿ. (ಉತ್ತರವೂ 26, ಪಟ್ಟಿಯೂ 26. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಇದರಿಂದ ಮತ್ತೊಂದು ಸೂತ್ರ ಕಟ್ಟಬೇಡಿ.) ಅಡುಗೆಗೆ ಏಳುವಷ್ಟರಲ್ಲಿ ಇಪ್ಪತ್ತಾರೂ ಮುಗಿದವು. 26 ಮುಟ್ಟಿದ್ದು 1, 5, 8 ಒಂದೇ. ನನ್ನ 1, 5, 6 ಎರಡನೇ ಸ್ಥಾನ. 1, 4, 9 ಇಟ್ಟರೆ 23. ಅರ್ಧ ದಿನದ ಈ ಕೆಲಸ ಹೋದ ತಿಂಗಳೇ ಮಾಡಬಹುದಿತ್ತು.

ಕೂತು ಎಲ್ಲ ಪಟ್ಟಿ ನೋಡುವುದನ್ನು ಬಿಟ್ಟು ಬೇರೆ ದಾರಿಯಿಲ್ಲವೇ? ಎಲ್ಲಿ ತೂತು ಬೀಳುತ್ತದೋ ಆ ಸಂಖ್ಯೆಯನ್ನೇ ಮುಂದಿನ ಸ್ಟಾಂಪು ಮಾಡಿಕೊಂಡು ಹೋದರೆ ಆಯಿತಲ್ಲ.
— ಲೆಕ್ಕಪತ್ರ ಬರೆಯುವವರು, ದಾವಣಗೆರೆ

ಹಾಗೆ ಮಾಡಿ ನೋಡೋಣ. ಎರಡೇ ಸ್ಟಾಂಪು ಅಂಟಿಸಬಹುದು ಅಂತಿಟ್ಟುಕೊಳ್ಳಿ. 1 ಇಟ್ಟೆವು, 2ರವರೆಗೆ ಹೋದೆವು. ತೂತು 3ರಲ್ಲಿ, ಅದನ್ನೇ ಸ್ಟಾಂಪು ಮಾಡೋಣ. 1, 3 ಸೇರಿ 4ರವರೆಗೆ. ತೂತು 5ರಲ್ಲಿ. 1, 3, 5 ಸೇರಿ 6ರವರೆಗೆ. ಮುಂದಿನದು 7. ಏನಾಗುತ್ತಿದೆ ಕಂಡಿರಾ? ಬೆಸ ಸಂಖ್ಯೆಗಳ ಸಾಲು ಕಟ್ಟುತ್ತಿದ್ದೇವೆ. ಬೆಸಕ್ಕೆ ಬೆಸ ಸೇರಿದರೆ ಸರಿಸಂಖ್ಯೆ, ಹಾಗಾಗಿ ಪ್ರತಿ ಬೆಸ ದರಕ್ಕೂ ಒಂದು ಹೊಸ ಸ್ಟಾಂಪೇ ಬೇಕು. ಹತ್ತು ಬೆಲೆ ಇಟ್ಟುಕೊಂಡರೂ 20ಕ್ಕೆ ನಿಂತುಬಿಡುತ್ತೀರಿ. ನಾಲ್ಕೇ ಬೆಲೆ ಇರುವಾಗ 1, 3, 5, 7 ನಿಮ್ಮನ್ನು 8ಕ್ಕೆ ಬಿಡುತ್ತದೆ. 1, 3, 5, 6 ಅಂತ ಕೊನೆಯದನ್ನು ಒಂದು ಇಳಿಸಿದರೆ 12. ಒಂದು ಹೆಜ್ಜೆ ಹಿಂದಿಟ್ಟವನು ನಾಲ್ಕು ಹೆಜ್ಜೆ ಮುಂದಿರುತ್ತಾನೆ.

ನಿಮ್ಮಂಥವರ ಕೈಗೆ ಸಹಜವಾಗಿ ಬರುವ ಇನ್ನೊಂದು ದಾರಿ ಬಿಡಿ–ಹತ್ತರ ದಾರಿ. ಹತ್ತು ಬೆಲೆಯಲ್ಲಿ ಐದನ್ನು ಬಿಡಿಯಾಗಿ ಇಡಿ: 1, 2, 3, 4, 5. ಉಳಿದ ಐದು ಆರರ ಮಗ್ಗಿ: 6, 12, 18, 24, 30. ಯಾವ ದರ ಬಂದರೂ ಮಗ್ಗಿಯಿಂದೊಂದು, ಬಿಡಿಯಿಂದೊಂದು. 36ರವರೆಗೆ ಚೊಕ್ಕವಾಗಿ ಹೋಗುತ್ತದೆ. ಅಚ್ಚುಕಟ್ಟು, ನೆನಪಿಡಲೂ ಸುಲಭ. ಆದರೆ ಗರಿಷ್ಠ ಇದಲ್ಲ. ಹತ್ತು ಬೆಲೆಗೆ, ಎರಡು ಸ್ಟಾಂಪಿಗೆ, ನಿಜವಾದ ಗರಿಷ್ಠ 46. ಅದನ್ನು ಕೊಡುವ ಒಂದು ಪಟ್ಟಿ ಇದು: 1, 2, 3, 7, 11, 15, 19, 21, 22, 24. ಮೊದಲು ಒಂದೊಂದೇ ಹೆಜ್ಜೆ, ನಡುವೆ ನಾಲ್ಕು ನಾಲ್ಕು ಹೆಜ್ಜೆಯ ಓಟ, ಕೊನೆಗೆ ಮತ್ತೆ ಇಕ್ಕಟ್ಟು. ನನ್ನ ಮಟ್ಟಿಗೆ ಇದು ನೋಡಲು ಚೆಂದವಲ್ಲ, ಕೆಲಸ ಮಾತ್ರ ಚೆಂದ. 33 ಹೇಗೆ, 40 ಹೇಗೆ ಅಂತ ನೀವೇ ಕೂಡಿಸಿ ನೋಡಿ.

ಎಷ್ಟೇ ಜಾಣತನ ಮಾಡಿದರೂ ದಾಟಲಾಗದ ಗೋಡೆ ಒಂದಿದೆ. ಹತ್ತು ಬೆಲೆಯಿಂದ ಒಂಟಿಯಾಗಿ 10 ಮೊತ್ತ, ಜೋಡಿಯಾಗಿ 55. ಒಟ್ಟು 65ಕ್ಕಿಂತ ಹೆಚ್ಚು ಮೊತ್ತ ಹುಟ್ಟುವುದೇ ಇಲ್ಲ. 65 ಜೋಡಣೆಯಲ್ಲಿ 46 ಉಪಯೋಗಕ್ಕೆ ಬಂದು ಉಳಿದ 19 ಪೋಲಾಗುತ್ತವೆ, ಒಂದೇ ಮೊತ್ತ ಎರಡೆರಡು ಸಲ ಬಂದೋ, 46ರ ಆಚೆ ಹಾರಿಯೋ. ಈ ಪೋಲನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದೇ ಇಡೀ ಲೆಕ್ಕದ ತಿರುಳು.

ಎರಡೇ ಎರಡು ಬೆಲೆ ಇದ್ದಾಗ ಮಾತ್ರ ನಿಮ್ಮ ಮನಸ್ಸಿಗೆ ಒಪ್ಪುವಂಥ ಸೂತ್ರ ಇದೆ. ಅಂಟಿಸಬಹುದಾದ ಸ್ಟಾಂಪಿನ ಸಂಖ್ಯೆಯ ವರ್ಗ, ಅದಕ್ಕೆ ಆ ಸಂಖ್ಯೆಯ ಆರು ಪಟ್ಟು ಕೂಡಿಸಿ, ಒಂದು ಸೇರಿಸಿ, ನಾಲ್ಕರಿಂದ ಭಾಗಿಸಿ, ಶೇಷ ಬಿಡಿ. ಏಳು ಸ್ಟಾಂಪು ಆದರೆ 49+42+1, ಅಂದರೆ 92, ನಾಲ್ಕರಿಂದ ಭಾಗಿಸಿದರೆ 23. ಬೆಲೆಗಳು 1 ಮತ್ತು 5. ಮೂರು ಬೆಲೆಯ ಲೆಕ್ಕವನ್ನು ಜರ್ಮನಿಯ ಗೆರ್ಡ್ ಹೋಫ್‌ಮೈಸ್ಟರ್ 1968ರಲ್ಲಿ ಬಗೆಹರಿಸಿದರು, ಅದು ಇಷ್ಟು ಸರಳವಲ್ಲ. ಅಲ್ಲಿಂದ ಮುಂದೆ ಕಾಡುದಾರಿ.

ನಾನು ಅಂಚೆ ಇಲಾಖೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ನಮ್ಮ ಇಲಾಖೆ ಯಾವತ್ತಾದರೂ ಹೀಗೆ ಲೆಕ್ಕ ಹಾಕಿ ಸ್ಟಾಂಪಿನ ಬೆಲೆ ಇಟ್ಟಿದೆಯೇ?
— ನಿವೃತ್ತ ಅಂಚೆ ನೌಕರರು, ಕಾರ್ಕಳ

ನಿಮ್ಮ ಕಾಗದ ನೋಡಿ ಅಪ್ಪನ ನೆನಪಾಯಿತು. ಅವರು ನಮ್ಮ ಹಳ್ಳಿಯ ಬ್ರಾಂಚ್ ಪೋಸ್ಟ್‌ಮಾಸ್ಟರ್. ಮನೆಯ ಜಗಲಿಯೇ ಕಚೇರಿ. ಸ್ಟಾಂಪಿನ ಹಾಳೆಗಳನ್ನು ಒಂದಕ್ಕೊಂದು ಅಂಟದಂತೆ ಹಳೇ ಡೈರಿಯ ಪುಟಗಳ ನಡುವೆ ಇಡುತ್ತಿದ್ದರು, ಮಳೆಗಾಲದಲ್ಲಿ ನಮ್ಮ ಕಡೆಯ ಥಂಡಿಗೆ ಅವು ಅಂಟಿಯೇ ಅಂಟುತ್ತಿದ್ದವು. 1971ರ ನವೆಂಬರ್ 15ರಿಂದ ಬಾಂಗ್ಲಾ ನಿರಾಶ್ರಿತರ ಪರಿಹಾರಕ್ಕೆ ಅಂತ ಕಾಗದಗಳಿಗೆಲ್ಲ 5 ಪೈಸೆಯ ಇನ್ನೊಂದು ಸ್ಟಾಂಪು ಅಂಟಿಸಬೇಕಾಯಿತಲ್ಲ, ಆಗ ನಾನು ಹನ್ನೆರಡರ ಹುಡುಗಿ. ಲಕೋಟೆಗೆ ಸ್ಟಾಂಪು ಅಂಟಿಸುವ ಕೆಲಸ ನನ್ನದು. ಇರುವ ಸ್ಟಾಂಪುಗಳನ್ನೇ ಕೂಡಿಸಿ ದರ ಮುಟ್ಟಿಸುವುದು, ವಿಳಾಸಕ್ಕೆ ಜಾಗ ಉಳಿಸುವುದು, ಎರಡೂ ಒಟ್ಟಿಗೆ ಆಗಬೇಕು. ಈ ಲೆಕ್ಕದಲ್ಲಿ "ಇಷ್ಟೇ ಸ್ಟಾಂಪು" ಎನ್ನುವ ಷರತ್ತು ಯಾಕೆ ಅಂತ ಕೇಳುವವರು ಒಮ್ಮೆ ಎಂಟು ಸ್ಟಾಂಪು ಅಂಟಿಸಿದ ಇನ್‌ಲ್ಯಾಂಡ್ ಲೆಟರ್ ನೋಡಬೇಕಿತ್ತು.

ಈಗ ನಿಮ್ಮ ಪ್ರಶ್ನೆ. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂದಾಗ ಭಾರತದ ನಕ್ಷೆಯ ಚಿತ್ರವಿದ್ದ ಸ್ಟಾಂಪುಗಳ ಸರಣಿ ಶುರುವಾಯಿತು. ನೀವೂ ಮಾರಿರಬಹುದು. 25ರವರೆಗಿನ ಬೆಲೆಗಳನ್ನು ನೋಡಿ: 1, 2, 3, 5, 6, 10, 13, 15, 20, 25. ಹತ್ತು ಬೆಲೆ. 6 ಮತ್ತು 13 ಹೇಗೆ ನುಸುಳಿದವು ಎಂಬುದು ಗುಟ್ಟೇನಲ್ಲ. ಒಂದಾಣೆಗೆ ಆರೂಕಾಲು ನಯಾ ಪೈಸೆ, ಅದನ್ನು 6 ಮಾಡಿದರು. ಎರಡಾಣೆಗೆ ಹನ್ನೆರಡೂವರೆ, ಅದನ್ನು 13 ಮಾಡಿದರು. ಈ ಹತ್ತರಲ್ಲಿ ಎರಡೇ ಅಂಟಿಸಬಹುದು ಅಂತ ಷರತ್ತಿಟ್ಟರೆ 23ರವರೆಗೆ ಒಂದೂ ತಪ್ಪದು. 22ಕ್ಕೆ 20+2, 19ಕ್ಕೆ 13+6. 24ಕ್ಕೆ ಬಂದಾಗ ಮುಗ್ಗರಿಸುತ್ತದೆ. ಆಮೇಲೆ 8 ನಯಾ ಪೈಸೆಯದೂ ಸೇರಿತು, ಆದರೂ 24 ಸಿಗುವುದಿಲ್ಲ. ದಾವಣಗೆರೆಯವರಿಗೆ ಬರೆದ ಪಟ್ಟಿ ಹತ್ತೇ ಬೆಲೆಯಲ್ಲಿ 46 ಮುಟ್ಟಿತ್ತು.

ಹಾಗಂತ ಇಲಾಖೆಯನ್ನು ಆಡಿಕೊಳ್ಳುವುದು ಅನ್ಯಾಯ. ಅದಕ್ಕೆ ಬೇಕಿದ್ದದ್ದು ಒಂದರಿಂದ ನಲವತ್ತಾರರವರೆಗಿನ ಎಲ್ಲ ದರ ಅಲ್ಲ. ಕಾರ್ಡಿಗಿಷ್ಟು, ಲಕೋಟೆಗಿಷ್ಟು, ರಿಜಿಸ್ಟರ್‌ಗಿಷ್ಟು ಅಂತ ನಾಲ್ಕಾರು ದರ, ಪ್ರತಿಯೊಂದಕ್ಕೂ ಆದಷ್ಟು ಒಂದೇ ಸ್ಟಾಂಪು. ಕೌಂಟರಿನಲ್ಲಿ ಕೂತವನಿಗೆ 5, 10, 15 ಬಾಯಿಪಾಠ ಇರುತ್ತದೆ. 7, 11, 19, 21 ಕೊಟ್ಟು ನೋಡಿ, ಸಂಜೆ ನಗದು ತಾಳೆ ಹಾಕುವಾಗ ಅವನು ಗಣಿತಜ್ಞರ ಕುಲವನ್ನೇ ಬೈಯುತ್ತಾನೆ.

ಈ ಲೆಕ್ಕಕ್ಕೆ ಪ್ರೋಗ್ರಾಂ ಬರೆದೆ. ಮೂರು ಸ್ಟಾಂಪು, ಆರು ಬೆಲೆಯವರೆಗೆ ಚಕಚಕ ಉತ್ತರ ಬಂತು. ಎಂಟು ಬೆಲೆಗೆ ಹೋದಾಗ ರಾತ್ರಿಯಿಡೀ ಓಡಿದರೂ ಮುಗಿಯಲಿಲ್ಲ. ಎಲ್ಲಿ ಎಡವಿದ್ದೇನೆ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಿಮ್ಮ ಪ್ರೋಗ್ರಾಂ ಎರಡು ಕೆಲಸ ಮಾಡುತ್ತಿದೆ, ಅವನ್ನು ಬೇರೆ ಬೇರೆ ನೋಡಿ. ಒಂದು, ಕೈಯಲ್ಲಿರುವ ಒಂದು ಪಟ್ಟಿಯ ಎಟುಕು ಎಷ್ಟು, ಅಂದರೆ ಅದು ಒಂದೂ ಬಿಡದೆ ಎಲ್ಲಿಯವರೆಗೆ ಹೋಗುತ್ತದೆ ಅಂತ ಕಂಡುಹಿಡಿಯುವುದು. ಎರಡು, ಪಟ್ಟಿಗಳನ್ನೇ ಹುಡುಕುವುದು.

ಮೊದಲನೆಯದಕ್ಕೆ ನೀವು ಎಲ್ಲ ಜೋಡಣೆಗಳನ್ನೂ ಕೂಡಿಸುತ್ತಿದ್ದೀರಿ ಅಂತ ಕಾಗದದಿಂದ ತಿಳಿಯಿತು. ಅದು ಬೇಡ. ನಾನು ಭಾನುವಾರ ನೋಟ್‌ಬುಕ್ಕಿನಲ್ಲಿ ಮಾಡಿದ್ದನ್ನೇ ಮಾಡಿ. ಪ್ರತಿ ದರದ ಎದುರಿಗೆ "ಕನಿಷ್ಠ ಎಷ್ಟು ಸ್ಟಾಂಪು" ಅಂತ ಒಂದು ಅಂಕಿ. 1, 5, 8ರ ಪಟ್ಟಿಯಲ್ಲಿ 10ಕ್ಕೆ ಎಷ್ಟು ಬೇಕು? 10ರಿಂದ ಒಂದೊಂದು ಬೆಲೆ ಕಳೆಯಿರಿ: 9, 5, 2. ಅವುಗಳ ಎದುರಿಗೆ ಆಗಲೇ ಬರೆದಿರುವ ಅಂಕಿಗಳು 2, 1, 2. ಚಿಕ್ಕದು 1, ಅದಕ್ಕೊಂದು ಸೇರಿಸಿ: 2. ಹಾಗೇ 11ಕ್ಕೆ 3, 12ಕ್ಕೆ 4, 13ಕ್ಕೆ ಮತ್ತೆ 2. ಮಿತಿ ದಾಟಿದ ಅಂಕಿ ಬಂದ ಕಡೆ ನಿಲ್ಲಿಸಿ. ಗಮನಿಸಿ, 10ಕ್ಕೆ ದೊಡ್ಡ ಸ್ಟಾಂಪು ಮೊದಲು ಎನ್ನುವ ಕೌಂಟರಿನ ಅಭ್ಯಾಸ 8+1+1 ಕೊಡುತ್ತದೆ, ಮೂರು ಸ್ಟಾಂಪು. ಈ ಕಾಲಂ ಹಾಗೆ ಮೋಸಹೋಗುವುದಿಲ್ಲ.

ಎರಡನೆಯ ಕೆಲಸವೇ ರಾತ್ರಿ ತಿನ್ನುತ್ತಿರುವುದು. ಹೊಸ ಬೆಲೆ ಹಿಂದಿನವುಗಳ ಎಟುಕಿಗಿಂತ ಒಂದಕ್ಕಿಂತ ಹೆಚ್ಚು ಮೇಲಿರಬಾರದು ಎಂಬ ನಿಯಮವನ್ನು ಹಾಸನದ ಹುಡುಗಿಗೆ ಹೇಳಿದೆನಲ್ಲ, ಅದನ್ನು ಹಾಕಿಕೊಂಡಿದ್ದೀರಾ? ಡಬ್ಲ್ಯೂ. ಎಫ್. ಲನ್ನನ್ 1969ರಲ್ಲಿ ಈ ಸಮಸ್ಯೆಯನ್ನು ಕಂಪ್ಯೂಟರಿಗೆ ಹಾಕಿದವರು. ನಾರ್ವೆಯ ಬೆರ್ಗೆನ್‌ನ ಸ್ವೇನ್ ಮೊಸ್ಸಿಗೆ 1981ರಲ್ಲಿ ಹುಡುಕಾಟವನ್ನು ಇನ್ನಷ್ಟು ಚುರುಕು ಮಾಡಿದರು. ಅದೇ ಬೆರ್ಗೆನ್‌ನ ಎರ್ನ್ಸ್ಟ್ ಸೆಲ್ಮರ್ ಎಂಬ ಪ್ರೊಫೆಸರ್ ಮೊದಲ ಕೆಲಸವನ್ನು, ಅಂದರೆ ಕೊಟ್ಟ ಪಟ್ಟಿಯ ಎಟುಕನ್ನು, ಆಳವಾಗಿ ಅಭ್ಯಾಸ ಮಾಡಿದವರು. ನಾರ್ವೆಯ ಪ್ರಜೆಗಳ ಹನ್ನೊಂದು ಅಂಕಿಯ ಗುರುತಿನ ಸಂಖ್ಯೆಯಲ್ಲಿ ತಪ್ಪು ಹಿಡಿಯುವ ಕೊನೆಯ ಎರಡು ಅಂಕಿಗಳ ಏರ್ಪಾಡೂ ಅವರದೇ.

ಇನ್ನೊಂದು ಉಪಾಯ, ಎರಡು ಸ್ಟಾಂಪಿನ ಲೆಕ್ಕಕ್ಕೆ. 1, 3, 5, 6ಕ್ಕೆ ಮುಂದೆ ಒಂದು 0 ಸೇರಿಸಿ: 0, 1, 3, 5, 6. ಹಿಂದಿನಿಂದ 6ರಲ್ಲಿ ಕಳೆಯುತ್ತ ಬನ್ನಿ: 0, 1, 3, 5, 6. ಕನ್ನಡಿಯಲ್ಲಿ ನೋಡಿದ ಹಾಗೆ ಅದೇ ಪಟ್ಟಿ! ಇಂಥ ಪಟ್ಟಿಯಲ್ಲಿ ಅರ್ಧ ನೋಡಿದರೆ ಸಾಕು. 4 ಬಂದದ್ದು 1+3ರಿಂದ, ಹಾಗಾದರೆ 12−4, ಅಂದರೆ 8, ತಾನಾಗಿಯೇ 5+3ರಿಂದ ಬರುತ್ತದೆ. 1, 3, 4 ಹಾಗೆಯೇ, 1, 3, 5, 7, 8 ಹಾಗೆಯೇ. ಎಂಟು ಬೆಲೆಗೆ 32 ಕೊಡುವ 1, 2, 5, 8, 11, 14, 15, 16 ಕೂಡ. ಕನ್ನಡಿಯ ಪಟ್ಟಿಗಳನ್ನು ಮಾತ್ರ ಹುಡುಕಿದರೆ ಕೆಲಸ ಬಹಳ ಹಗುರ. ಆದರೆ ಇಲ್ಲೂ ನನ್ನಂತೆ ಜಾರಬೇಡಿ: ಮೇಲೆ ಕೊಟ್ಟ 46ರ ಪಟ್ಟಿ ಕನ್ನಡಿಯ ಪಟ್ಟಿಯಲ್ಲ. ಕನ್ನಡಿಯನ್ನೇ ನಂಬಿದವನಿಗೆ ಅದು ಕಣ್ಣಿಗೇ ಬೀಳದು.

ನಿಮ್ಮ ಉತ್ತರ ತಾಳೆ ನೋಡಿಕೊಳ್ಳಲು: ಮೂರು ಸ್ಟಾಂಪಿಗೆ ಒಂದು ಬೆಲೆಯಿಂದ ಎಂಟು ಬೆಲೆಯವರೆಗೆ ಗರಿಷ್ಠ 3, 7, 15, 24, 36, 52, 70, 93. ಎರಡು ಸ್ಟಾಂಪಿನ ಲೆಕ್ಕ 24 ಬೆಲೆಯವರೆಗೂ ಗೊತ್ತಿದೆ, ಅಲ್ಲಿ ಗರಿಷ್ಠ 212. ಬೆಲೆಗಳೂ ಸ್ಟಾಂಪಿನ ಮಿತಿಯೂ ಎಷ್ಟು ಬೇಕಾದರೂ ಬೆಳೆಯಬಹುದು ಅಂತಾದರೆ ಕೊಟ್ಟ ಪಟ್ಟಿಯ ಎಟುಕು ಹೇಳುವುದೇ ಕಂಪ್ಯೂಟರಿಗೆ ಕಬ್ಬಿಣದ ಕಡಲೆ ಅಂತ ಜೆಫ್ರಿ ಶಾಲಿಟ್ 2002ರಲ್ಲಿ ತೋರಿಸಿದ್ದಾರೆ. ನೀವು ರಾತ್ರಿಯಿಡೀ ಕಾದದ್ದಕ್ಕೆ ನಿಮ್ಮ ಲ್ಯಾಪ್‌ಟಾಪನ್ನು ಮಾತ್ರ ದೂರಬೇಡಿ.

ಒಂದು ಮಾತು ನನ್ನ ಸಮಾಧಾನಕ್ಕೆ. ಈ ವಿಷಯದಲ್ಲಿ ಅಚ್ಚನ್ನು ನಂಬಿ ಮೋಸಹೋದವಳು ನಾನೊಬ್ಬಳೇ ಅಲ್ಲ. ಎರಡು ಸ್ಟಾಂಪಿನ ಲೆಕ್ಕವನ್ನು 1937ರಲ್ಲಿ ಗಟ್ಟಿಯಾಗಿ ಎತ್ತಿಕೊಂಡವರು ಜರ್ಮನಿಯ ಹಾನ್ಸ್ ರೋರ್‌ಬಾಖ್. (ಮುಂದೆ ಯುದ್ಧಕಾಲದಲ್ಲಿ ಅಮೆರಿಕದ ರಾಜತಾಂತ್ರಿಕ ಗುಪ್ತಲಿಪಿ ಒಡೆದವರೂ ಇವರೇ.) ಬೆಲೆಗಳ ಸಂಖ್ಯೆಯ ವರ್ಗದ ಕಾಲು ಭಾಗದಷ್ಟು ದೂರ ಹೋಗಬಹುದು ಅಂತ ತೋರಿಸಿದರು. ನಮ್ಮ ಬಿಡಿ–ಮಗ್ಗಿಯ ಉಪಾಯವೂ ಅಲ್ಲಿಗೇ ಮುಟ್ಟುತ್ತದೆ. ಬೆಲೆಗಳು ತೀರಾ ಹೆಚ್ಚಾದಾಗ ಅದಕ್ಕಿಂತ ಹೇಳಿಕೊಳ್ಳುವಷ್ಟು ಮುಂದೆ ಹೋಗಲಾಗದು ಅಂತ ಊಹೆಯನ್ನೂ ಮಾಡಿದರು. ಮೂವತ್ತೊಂಬತ್ತು ವರ್ಷ ಆ ಊಹೆ ನಿಂತಿತ್ತು. 1976ರಲ್ಲಿ ಹೆಮ್ಮರರ್ ಮತ್ತು ಹೋಫ್‌ಮೈಸ್ಟರ್ ಅದನ್ನು ಬೀಳಿಸಿದರು: ಕಾಲು ಭಾಗ ಅಲ್ಲ, 18ರಲ್ಲಿ 5 ಭಾಗ. 1979ರಲ್ಲಿ ಮ್ರೋಸೆ ಅದನ್ನು 7ರಲ್ಲಿ 2 ಭಾಗಕ್ಕೆ ಎತ್ತಿದರು. ಆಮೇಲೆ ಫಿನ್‌ಲೆಂಡಿನ ಯುಕ್ಕಾ ಕೊಹೊನೆನ್ 294ರಲ್ಲಿ 85 ಭಾಗ ಮಾಡಿದರು. ದಶಮಾಂಶದಲ್ಲಿ ನೋಡಿದರೆ 0.25, 0.2778, 0.2857, 0.2891. ಎಂಬತ್ತು ವರ್ಷದ ದುಡಿಮೆಗೆ ಇಷ್ಟೇ ಏರಿಕೆ. ಇನ್ನು ದಾವಣಗೆರೆಯವರಿಗೆ ಹೇಳಿದ ದಾಟಲಾಗದ ಗೋಡೆ: ಜೋಡಣೆ ಎಣಿಸಿದ ಲೆಕ್ಕದ ಪ್ರಕಾರ ಅದು ವರ್ಗದ ಅರ್ಧದ ಹತ್ತಿರ, 1969ರಲ್ಲಿ ಕ್ಲೋಟ್ಸ್ ಅದನ್ನು 0.4802ಕ್ಕೆ ಇಳಿಸಿದರು. ನಡುವಿನ ಬಯಲು ಇನ್ನೂ ಖಾಲಿಯೇ ಬಿದ್ದಿದೆ.

ಅಂಗಡಿಯಲ್ಲಿ ತಕ್ಕಡಿಯ ಲೆಕ್ಕವೂ ಇದೇ ಅಲ್ಲವೇ? ಕೆಲವೇ ಕಲ್ಲು ಇಟ್ಟುಕೊಂಡು ಎಲ್ಲ ತೂಕ ತೂಗುವುದು.
— ಕಿರಾಣಿ ಅಂಗಡಿಯವರು, ರಾಣೆಬೆನ್ನೂರು

ಅಣ್ಣತಮ್ಮಂದಿರ ಲೆಕ್ಕ, ಆದರೆ ಸ್ವಭಾವ ಬೇರೆ. ಸ್ಟಾಂಪು ಎಷ್ಟು ಬೇಕಾದರೂ ಹರಿದು ಕೊಡಬಹುದು. ನಿಮ್ಮ 5 ಕಿಲೋ ಕಲ್ಲು ಇರುವುದು ಒಂದೇ, ಎರಡು ಸಲ ಇಡಲಾಗದು. ಬದಲಿಗೆ ನಿಮಗೆ ಸ್ಟಾಂಪಿನವರಿಗಿಲ್ಲದ ಒಂದು ಅನುಕೂಲವಿದೆ: ಸಾಮಾನಿನ ತಟ್ಟೆಯಲ್ಲೂ ಕಲ್ಲು ಇಡಬಹುದು, ಅಂದರೆ ಕಳೆಯಬಹುದು. 1612ರಲ್ಲಿ ಫ್ರಾನ್ಸಿನ ಬಾಶೆ ತನ್ನ ಒಗಟುಗಳ ಪುಸ್ತಕದಲ್ಲಿ 1, 3, 9, 27ರ ನಾಲ್ಕೇ ಕಲ್ಲಿನಿಂದ 40ರವರೆಗೆ ತೂಗಬಹುದು ಅಂತ ಬರೆದ. ಪ್ರತಿ ಕಲ್ಲಿಗೂ ಮೂರು ಸ್ಥಿತಿ: ಈ ತಟ್ಟೆ, ಆ ತಟ್ಟೆ, ಕೆಳಗೆ. ನಾಲ್ಕು ಕಲ್ಲಿಗೆ 81 ಜೋಡಣೆ. ಖಾಲಿ ತಕ್ಕಡಿ ಬಿಟ್ಟರೆ 80, ಎಡಬಲ ಒಂದೇ ಅಂದರೆ 40. ಒಂದೂ ಪೋಲಿಲ್ಲ. ಸ್ಟಾಂಪಿನ ಲೆಕ್ಕದಲ್ಲಿ ಇಂಥ ನೆಮ್ಮದಿ ಸಿಗುವುದಿಲ್ಲ. ಗಿರಾಕಿ ಎದುರಿಗೆ ಮಾತ್ರ ಬೆಲ್ಲದ ಪಕ್ಕದಲ್ಲಿ ಕಲ್ಲು ಇಡಲು ಹೋಗಬೇಡಿ, ಜಗಳವಾದೀತು.

ಇಷ್ಟೆಲ್ಲ ತಲೆ ಕೆಡಿಸಿಕೊಂಡು ಏನು ಉಪಯೋಗ? ಈಗ ಕಾಗದ ಬರೆಯುವವರು ಯಾರು?
— ಗೃಹಿಣಿ, ಮೈಸೂರು

ನೀವು ಬರೆದಿದ್ದೀರಲ್ಲ! ಅದೂ ಕಾರ್ಡಿನಲ್ಲಿ.

ಉಪಯೋಗ ಕೇಳಿದ್ದಕ್ಕೆ ಒಂದೆರಡು ಹೇಳುತ್ತೇನೆ. ಒಂದು ದೊಡ್ಡ ಸಂಖ್ಯೆಯ ಹನ್ನೆರಡನೇ ಘಾತದವರೆಗೆ ಯಾವುದು ಯಾವಾಗ ಬೇಕಾಗುತ್ತದೋ ತಿಳಿಯದು, ಬೇಕಾದಾಗ ಒಂದೇ ಗುಣಾಕಾರದಲ್ಲಿ ಸಿಗಬೇಕು ಅಂತಿರಲಿ. ಹನ್ನೆರಡನ್ನೂ ಕಟ್ಟಿಡುವುದು ಬೇಡ. 1, 3, 5, 6ನೇ ಘಾತಗಳನ್ನು ಡಬ್ಬಿಯಲ್ಲಿ ಹಾಕಿಡಿ. 11 ಬೇಕಾದರೆ ಐದನೆಯದನ್ನು ಆರನೆಯದರಿಂದ ಗುಣಿಸಿದರಾಯಿತು. ಒಗ್ಗರಣೆ ಡಬ್ಬಿಯಲ್ಲಿ ನಾಲ್ಕೇ ಬಟ್ಟಲು ಇಟ್ಟುಕೊಂಡು ಹನ್ನೆರಡು ಅಡುಗೆ ನಿಭಾಯಿಸಿದ ಹಾಗೆ. ಇನ್ನೊಂದು, ರೇಡಾರ್ ಮತ್ತು ಅಲ್ಟ್ರಾಸೌಂಡಿನಂಥ ಕಡೆ ಅಲೆ ಕಳಿಸುವ ತುಂಡಿನ ಜಾಗ, ಹಿಡಿಯುವ ತುಂಡಿನ ಜಾಗ, ಇವೆರಡರ ಮೊತ್ತವೇ ಚಿತ್ರಕ್ಕೆ ಮುಖ್ಯ. ಸಾಲಿನಲ್ಲಿ ಎಲ್ಲ ಕಡೆ ತುಂಡು ಜೋಡಿಸುವ ಬದಲು 0, 1, 3, 5, 6ರಂಥ ಜಾಗಗಳಲ್ಲಿ ಮಾತ್ರ ಇಟ್ಟರೂ ಮೊತ್ತಗಳಲ್ಲಿ ತೂತು ಬೀಳುವುದಿಲ್ಲ.

ಇವೆರಡೂ ಇಲ್ಲದಿದ್ದರೂ ನಾನು ಆ ಭಾನುವಾರ ಕೂರುತ್ತಿದ್ದೆ ಅನ್ನಿ.

ಟೀಚರ್, 1, 2, 4, 8 ಇಟ್ಟರೆ ಎಲ್ಲ ಸಂಖ್ಯೆಯೂ ಬರುತ್ತದೆ ಅಂತ ಅಣ್ಣ ಹೇಳಿದ. ಹಾಗಾದರೆ ಅದೇ ಒಳ್ಳೆಯದಲ್ಲವಾ?
— ಏಳನೇ ತರಗತಿ, ಯಲ್ಲಾಪುರ

ಅಣ್ಣ ಹೇಳಿದ್ದು ಅರ್ಧ ನಿಜ ಪುಟ್ಟಾ. ಎಷ್ಟು ಬೇಕಾದರೂ ಅಂಟಿಸಬಹುದಾದರೆ 1 ಒಂದೇ ಸಾಕು, ಉಳಿದವು ಯಾಕೆ? ಮೂರೇ ಅಂಟಿಸು ಅಂದಾಗ ಅಣ್ಣನ ಸ್ಟಾಂಪುಗಳನ್ನು ಪರೀಕ್ಷೆ ಮಾಡು. 7ಕ್ಕೆ 4+2+1, ಪಾಸು. 13ಕ್ಕೆ 8+4+1, ಪಾಸು. 14ಕ್ಕೆ 8+4+2, ಅದೂ ಪಾಸು. 15ಕ್ಕೆ? 8+4+2+1, ನಾಲ್ಕಾಯಿತು, ಫೇಲು. ಅದೇ ನಾಲ್ಕು ಬೆಲೆಯನ್ನು 1, 4, 7, 8 ಮಾಡು. 15ಕ್ಕೆ 7+8, 18ಕ್ಕೆ 7+7+4, 23ಕ್ಕೆ 8+8+7. 24ಕ್ಕೆ ಮೂರು ಎಂಟು. ಅಲ್ಲಿಯವರೆಗೆ ಒಂದೂ ತಪ್ಪದು. ಅಣ್ಣನ ಎದುರು ಕೂತು ಇಪ್ಪತ್ತನಾಲ್ಕನ್ನೂ ಬರೆದು ತೋರಿಸು, ಬಾಯಲ್ಲಿ ಹೇಳಿದರೆ ಒಪ್ಪುವುದಿಲ್ಲ.

ಮುಂದಿನ ತಿಂಗಳಿಗೆ ನಿನಗೂ ಉಳಿದವರಿಗೂ ಒಂದೇ ಲೆಕ್ಕ. ಮೂರು ಸ್ಟಾಂಪು, ಐದು ಬೆಲೆ, 36ರವರೆಗೆ ಹೋಗಬೇಕು. ಐದು ಬೆಲೆ ಯಾವುವು? ಸುಳಿವು ಒಂದೇ: ಅತಿ ದೊಡ್ಡದು 15. ಉತ್ತರ ಮಾತ್ರ ಬರೆದರೆ ಸಾಲದು, ಕನಿಷ್ಠ 23 ಮತ್ತು 31 ಹೇಗೆ ಬಂದವು ಅಂತ ಕಾರ್ಡಿನ ಮೂಲೆಯಲ್ಲಿ ಬರೆದಿರಬೇಕು. ಈ ಸಲ ಉತ್ತರವನ್ನು ಒಂದರಿಂದ ಮೂವತ್ತಾರರವರೆಗೆ ನಾನೇ ಕೂಡಿಸಿ ನೋಡಿದ ಮೇಲೆಯೇ ಸಂಪಾದಕರಿಗೆ ಕೊಟ್ಟಿದ್ದೇನೆ. 37 ಬರುವುದಿಲ್ಲ ಅಂತಲೂ ನೋಡಿದ್ದೇನೆ. ಬಂದರೆ ಹಾಸನದ ಹುಡುಗಿ ಹೇಗೂ ಬರೆಯುತ್ತಾಳೆ.